ಪೂಲ್ ಸೈಜ್ ಏರಿಸುವ ಮುನ್ನ: ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗ್‌ಗಳ ಲೆಕ್ಕಾಚಾರ

(ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳು ಮತ್ತು ಡೇಟಾಬೇಸ್ ನೋಡಿಕೊಳ್ಳುವ ಡಿಬಿಎಗಳ ಮುಂದೆ ಕನ್ನಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಾನ್ಫಿಗ್ ಫೈಲುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗ್ ಅಂದರೆ ಹದಿನೈದಿಪ್ಪತ್ತು ಸಾಲಿನ ಒಂದು ಫೈಲು. ಹಳೇ ಪ್ರಾಜೆಕ್ಟಿನಿಂದ ಎತ್ತಿ ತರುತ್ತೇವೆ, ಹೋಸ್ಟ್ ಹೆಸರು, ಯೂಸರ್, ಪಾಸ್‌ವರ್ಡ್ ಬದಲಾಯಿಸುತ್ತೇವೆ, ಕನೆಕ್ಟ್ ಆಯಿತು ಅಂದ ಕೂಡಲೇ ಮುಚ್ಚಿಬಿಡುತ್ತೇವೆ. ಆಮೇಲೆ ಯಾವುದೋ ತಿಂಗಳ ಕೊನೆಯ ದಿನ, ಬಿಲ್ಲಿಂಗ್ ಜೋರಾಗಿ ನಡೆಯುವಾಗ, 'ಕನೆಕ್ಷನ್ ಸಿಗಲಿಲ್ಲ, 30000 ಮಿಲಿಸೆಕೆಂಡ್ ಕಾದು ಬಿಟ್ಟೆ' ಎಂಬರ್ಥದ ಸಾಲು ಲಾಗಿನಲ್ಲಿ ಸುರಿಯತೊಡಗುತ್ತದೆ. ಯಾರೋ ಪೂಲ್ ಸೈಜನ್ನು, ಅಂದರೆ ಅಪ್ಲಿಕೇಶನ್ ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಕನೆಕ್ಷನ್ನುಗಳ ಗರಿಷ್ಠ ಸಂಖ್ಯೆಯನ್ನು, 10ರಿಂದ 100ಕ್ಕೆ ಏರಿಸುತ್ತಾರೆ. ಸ್ವಲ್ಪ ಹೊತ್ತು ಎಲ್ಲ ಸರಿ ಹೋದಂತೆ ಕಾಣುತ್ತದೆ. ಆಮೇಲೆ ಡೇಟಾಬೇಸೇ ಮಲಗುತ್ತದೆ.

ಇವತ್ತು ಹೇಳಬೇಕಾದದ್ದು ಒಂದೇ ಮಾತು. ಆ ಫೈಲಿನ ಪ್ರತಿ ಸಂಖ್ಯೆಗೂ ಪಕ್ಕದ ಪದರದಲ್ಲಿ ಒಂದು ಜೋಡಿ ಸಂಖ್ಯೆ ಇದೆ. ಪೂಲ್ ಸೈಜಿಗೆ ಡೇಟಾಬೇಸಿನ ಗರಿಷ್ಠ ಕನೆಕ್ಷನ್ ಮಿತಿ ಜೋಡಿ, ಕನೆಕ್ಷನ್ನಿನ ಆಯುಸ್ಸಿಗೆ ಫೈರ್‌ವಾಲಿನ ಐಡಲ್ ಟೈಮ್‌ಔಟ್ ಜೋಡಿ, ಕ್ವೆರಿ ಟೈಮ್‌ಔಟಿಗೆ ಅಪ್ಲಿಕೇಶನ್ನಿನ ಮುಂದೆ ನಿಂತಿರುವ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಟೈಮ್‌ಔಟ್ ಜೋಡಿ. ಒಂದನ್ನು ಮುಟ್ಟಿದಾಗ ಇನ್ನೊಂದನ್ನು ನೋಡದಿದ್ದರೆ ತೊಂದರೆ ಜಾಗ ಬದಲಾಯಿಸುತ್ತದೆ, ಅಷ್ಟೇ.

ಮಾತಿಗೊಂದು ಉದಾಹರಣೆ ಇರಲಿ. ಪೀಣ್ಯದಲ್ಲಿ ಮಧ್ಯಮ ಗಾತ್ರದ ಒಂದು ಕಾರ್ಖಾನೆ. ಜಾವಾ, ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಇಆರ್‌ಪಿ, ಅಂದರೆ ಕಾರ್ಖಾನೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಅಪ್ಲಿಕೇಶನ್. ಅದರ ಬೆನ್ನಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್, 8 ಕೋರ್‌ಗಳ ಮಷೀನು. ಸ್ಟೋರ್ಸ್, ಪ್ರೊಡಕ್ಷನ್, ಬಿಲ್ಲಿಂಗ್, ಪೇರೋಲ್ ಎಂದು ನಾಲ್ಕು ಸರ್ವಿಸ್‌ಗಳು. ಒರಾಕಲ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಬೇಕಾದ್ದನ್ನು ನಡುನಡುವೆ ಹೇಳುತ್ತೇವೆ.

ಮೊದಲು ವಿಳಾಸ

ಹೋಸ್ಟ್, ಪೋರ್ಟ್, ಡೇಟಾಬೇಸ್ ಹೆಸರು. ಪೋಸ್ಟ್‌ಗ್ರೆಸ್‌ಗೆ 5432, ಮೈಎಸ್‌ಕ್ಯೂಎಲ್‌ಗೆ 3306, ಒರಾಕಲ್‌ಗೆ 1521, ಎಸ್‌ಕ್ಯೂಎಲ್ ಸರ್ವರ್‌ಗೆ 1433. ಇದು ನಿಮಗೆಲ್ಲ ಗೊತ್ತಿರುವುದೇ. ಇಲ್ಲಿ ಕಲಿಯಬೇಕಾದದ್ದು ಎರರ್ ಓದುವ ರೀತಿ.

'ಕನೆಕ್ಷನ್ ರಿಫ್ಯೂಸ್ಡ್' ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ನೀವು ಮಷೀನಿನ ತನಕ ತಲುಪಿದ್ದೀರಿ, ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲ ಎಂದರ್ಥ. ಡೇಟಾಬೇಸ್ ಸ್ಟಾರ್ಟ್ ಆಗಿಲ್ಲ, ಪೋರ್ಟ್ ಬೇರೆ ಇದೆ, ಇಲ್ಲವೇ ಪೋಸ್ಟ್‌ಗ್ರೆಸ್‌ನ ಲಿಸನ್ ಅಡ್ರೆಸಸ್ ಇನ್ನೂ ಡಿಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ಗೇ ಸೀಮಿತವಾಗಿದೆ. ಅದೇ ಏನೂ ಬರದೆ ಸುಮ್ಮನೆ ಕಾದು ಕಾದು 'ಟೈಮ್ಡ್ ಔಟ್' ಆದರೆ ದಾರಿಯಲ್ಲಿ ಯಾರೋ ಪ್ಯಾಕೆಟ್ಟನ್ನು ನುಂಗುತ್ತಿದ್ದಾರೆ: ಫೈರ್‌ವಾಲ್, ಸೆಕ್ಯೂರಿಟಿ ಗ್ರೂಪ್, ರೂಟಿಂಗ್. ಮೊದಲನೆಯದಕ್ಕೆ ಡಿಬಿಎ ಹತ್ತಿರ ಹೋಗಿ, ಎರಡನೆಯದಕ್ಕೆ ನೆಟ್‌ವರ್ಕ್ ತಂಡದ ಹತ್ತಿರ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಟಿಕೆಟ್ ನಾಲ್ಕು ಟೇಬಲ್ ಸುತ್ತುವುದು ತಪ್ಪುತ್ತದೆ.

ಪೋರ್ಟ್ ಪರೀಕ್ಷೆಯನ್ನು ಅಪ್ಲಿಕೇಶನ್ ಓಡುವ ಮಷೀನಿನಿಂದಲೇ ಮಾಡಬೇಕು. ನಿಮ್ಮ ಲ್ಯಾಪ್‌ಟಾಪಿನಿಂದ ಕನೆಕ್ಟ್ ಆಯಿತು ಅನ್ನುವುದು ನಿಮ್ಮ ವಿಪಿಎನ್ ಚೆನ್ನಾಗಿದೆ ಅನ್ನುವುದಕ್ಕಷ್ಟೇ ಪುರಾವೆ.

ಪೋಸ್ಟ್‌ಗ್ರೆಸ್‌ನಲ್ಲಿ ಪೋರ್ಟ್ ತಲುಪಿದ ಮೇಲೂ ಪಿಜಿ ಎಚ್‌ಬಿಎ ಫೈಲಿನ ಬಾಗಿಲಿದೆ. ಯಾವ ಐಪಿಯಿಂದ, ಯಾವ ಯೂಸರ್, ಯಾವ ಡೇಟಾಬೇಸಿಗೆ, ಯಾವ ವಿಧಾನದಲ್ಲಿ ಬರಬಹುದು ಎಂದು ಅಲ್ಲಿ ಬರೆದಿರುತ್ತದೆ. ಮೇಲಿನಿಂದ ಕೆಳಕ್ಕೆ ಓದುತ್ತಾ ಮೊದಲು ಹೊಂದಿದ ಸಾಲೇ ಅಂತಿಮ. ಕೆಳಗೆ ನೀವು ಸೇರಿಸಿದ ಸಾಲು ಎಷ್ಟೇ ಸರಿಯಿದ್ದರೂ ಮೇಲೊಂದು ಸಾಲು ಹೊಂದಿ ತಿರಸ್ಕರಿಸಿದರೆ ಕಥೆ ಮುಗಿಯಿತು. ಫೈಲ್ ತಿದ್ದಿದ ಮೇಲೆ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ಲಿಸನ್ ಅಡ್ರೆಸಸ್ ಬದಲಾಯಿಸಿದರೆ ಮಾತ್ರ ರೀಸ್ಟಾರ್ಟ್ ಬೇಕೇ ಬೇಕು.

ಒರಾಕಲ್‌ನಲ್ಲಿ ಮುಗ್ಗರಿಸುವ ಜಾಗ ಎಸ್‌ಐಡಿ (ಡೇಟಾಬೇಸ್ ಇನ್‌ಸ್ಟೆನ್ಸಿನ ಹೆಸರು) ಮತ್ತು ಸರ್ವಿಸ್ ನೇಮ್ (ಕನೆಕ್ಟ್ ಆಗುವವರಿಗೆ ಕೊಟ್ಟ ಹೆಸರು). ಜಾವಾ ಡೇಟಾಬೇಸನ್ನು ತಲುಪಲು ಬಳಸುವ ಜೆಡಿಬಿಸಿ ವಿಳಾಸದಲ್ಲಿ 1521 ಆದ ಮೇಲೆ ಕೋಲನ್ ಇದ್ದರೆ ಮುಂದಿನದನ್ನು ಎಸ್‌ಐಡಿ ಎಂದು ಓದುತ್ತದೆ, ಸ್ಲ್ಯಾಶ್ ಇದ್ದರೆ ಸರ್ವಿಸ್ ನೇಮ್ ಎಂದು. ಒಂದು ಚಿಹ್ನೆಯ ವ್ಯತ್ಯಾಸ. 12ಸಿ ಆವೃತ್ತಿಯಿಂದ ಬಂದ ಪ್ಲಗಬಲ್ ಡೇಟಾಬೇಸಿಗೆ ಸರ್ವಿಸ್ ನೇಮ್ ಮೂಲಕವೇ ಹೋಗಬೇಕು. ಹಳೇ ಫೈಲಿನ ಕೋಲನ್ ಉಳಿದುಕೊಂಡರೆ ಓರಾ-12505 ಬರುತ್ತದೆ. ಸರ್ವಿಸ್ ನೇಮೇ ತಪ್ಪಿದ್ದರೆ 12514. ಪೋರ್ಟಿನಲ್ಲಿ ಕೂತು ಕರೆ ಸ್ವೀಕರಿಸುವ ಲಿಸನರೇ ಇಲ್ಲದಿದ್ದರೆ 12541. ಟಿಎನ್‌ಎಸ್ ಪಿಂಗ್ ಓಕೆ ಅಂದಿತು ಎಂದು ನಂಬಿ ಕೂರಬೇಡಿ. ಅದು ಲಿಸನರ್ ಉಸಿರಾಡುತ್ತಿದೆಯೇ ಎಂದು ನೋಡುತ್ತದೆಯೇ ಹೊರತು ನಿಮ್ಮ ಸರ್ವಿಸ್ ಅಲ್ಲಿದೆಯೇ ಎಂದು ನೋಡುವುದಿಲ್ಲ.

ಪಾಸ್‌ವರ್ಡ್: ಬೆಳಿಗ್ಗೆ ಬದಲಾಯಿಸಿದ್ದು ಅರ್ಧ ಗಂಟೆ ಬಿಟ್ಟು ಕಾಡುತ್ತದೆ

ಪಾಸ್‌ವರ್ಡಿನಲ್ಲಿರುವ ವಿಶೇಷ ಚಿಹ್ನೆಗಳು ಮೊದಲ ತಲೆನೋವು. ಯುಆರ್‌ಎಲ್ ಒಳಗೆ ಪಾಸ್‌ವರ್ಡ್ ಬರೆಯುವ ಕಡೆ ಅದರಲ್ಲಿ @ ಚಿಹ್ನೆ ಇದ್ದರೆ ಅಲ್ಲಿಂದಾಚೆ ಹೋಸ್ಟ್ ಹೆಸರು ಶುರುವಾಯಿತು ಎಂದು ಡ್ರೈವರ್ ತಿಳಿಯುತ್ತದೆ. ಅದನ್ನು %40 ಎಂದು ಬರೆಯಬೇಕು. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟಿನ ಎಕ್ಸ್‌ಎಂಎಲ್ ಫೈಲಿನಲ್ಲಿ & ಚಿಹ್ನೆಯನ್ನು ಹಾಗೇ ಬಿಟ್ಟರೆ ಫೈಲೇ ಓದುವುದಿಲ್ಲ. ಯಾಮಲ್ ರೂಪದ ಕಾನ್ಫಿಗ್ ಫೈಲಿನಲ್ಲಿ ಜಾಗ ಬಿಟ್ಟು # ಬಂದರೆ ಮುಂದಿನದೆಲ್ಲ ಕಾಮೆಂಟು. ಯಾಮಲ್‌ನಲ್ಲಿ ಪಾಸ್‌ವರ್ಡನ್ನು ಸಿಂಗಲ್ ಕೋಟ್ಸ್ ಒಳಗಿಡುವ ಅಭ್ಯಾಸ ಒಳ್ಳೆಯದು.

ಅಪ್ಲಿಕೇಶನ್ನುಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಿ, ಪಾಸ್‌ವರ್ಡ್ ಇಡಲು ಸೀಕ್ರೆಟ್ ಮಾಡುವವರಿಗೆ ಒಂದು ಮಾತು. ಎಕೋ ಕಮಾಂಡಿನಿಂದ ಬೇಸ್64 ಮಾಡಿದರೆ ಪಾಸ್‌ವರ್ಡಿನ ಬಾಲಕ್ಕೆ ಕಾಣದ ಒಂದು ಹೊಸ ಸಾಲಿನ ಅಕ್ಷರ ಸೇರಿಕೊಳ್ಳುತ್ತದೆ. ಪರದೆಯ ಮೇಲೆ ಎಲ್ಲ ಸರಿ, ಲಾಗಿನ್ ಮಾತ್ರ ಆಗುವುದಿಲ್ಲ. ಮೈನಸ್ ಎನ್ ಹಾಕಿ. ಇನ್ನು ಬೇಸ್64 ಅನ್ನುವುದು ಬೀಗವಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಆ ಫೈಲನ್ನು ಗಿಟ್‌ಗೆ ಹಾಕಿ ನೆಮ್ಮದಿಯಾಗಿರುವವರು ಇನ್ನೂ ಇದ್ದಾರೆ.

ಈಗ ನಿಜವಾದ ಗುಂಡಿಗೆ ಬರೋಣ. ಬೆಳಿಗ್ಗೆ ಹತ್ತಕ್ಕೆ ಡಿಬಿಎ ಪಾಸ್‌ವರ್ಡ್ ಬದಲಾಯಿಸಿದರು. ಅಪ್ಲಿಕೇಶನ್ ಮಾಮೂಲಿನಂತೆ ಓಡುತ್ತಿದೆ. 'ಏನೂ ಆಗಲಿಲ್ಲ' ಎಂದು ಎಲ್ಲರೂ ಕಾಫಿಗೆ ಹೋದರು. ಏನೂ ಆಗದಿರಲು ಕಾರಣ, ಈಗಾಗಲೇ ತೆರೆದಿರುವ ಕನೆಕ್ಷನ್ನುಗಳಿಗೆ ಪಾಸ್‌ವರ್ಡ್ ಮತ್ತೆ ಬೇಕಿಲ್ಲ. ಸ್ಪ್ರಿಂಗ್ ಬೂಟ್ ಜೊತೆಗೇ ಬರುವ ಹಿಕಾರಿ ಪೂಲಿನಲ್ಲಿ ಕನೆಕ್ಷನ್ನಿನ ಗರಿಷ್ಠ ಆಯುಸ್ಸು ಡಿಫಾಲ್ಟ್ ಆಗಿ 30 ನಿಮಿಷ. ಹತ್ತೂವರೆ ಆಗುವಷ್ಟರಲ್ಲಿ ಹಳೆಯವು ಒಂದೊಂದಾಗಿ ನಿವೃತ್ತಿಯಾಗಿ, ಹೊಸದನ್ನು ತೆರೆಯಲು ಹೋದ ಪೂಲ್ ಹಳೇ ಪಾಸ್‌ವರ್ಡನ್ನೇ ಕೊಟ್ಟು, ಸಿಗದೆ, ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಒರಾಕಲ್‌ನ ಡಿಫಾಲ್ಟ್ ಪ್ರೊಫೈಲಿನಲ್ಲಿ ತಪ್ಪು ಪಾಸ್‌ವರ್ಡಿಗೆ 10 ಅವಕಾಶ. ಪೂಲ್ ಅದನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಸುತ್ತದೆ. ಅಕೌಂಟ್ ಲಾಕ್, ಓರಾ-28000. ಆಮೇಲೆ ನೀವು ಸರಿಯಾದ ಪಾಸ್‌ವರ್ಡ್ ಹಾಕಿ ರೀಸ್ಟಾರ್ಟ್ ಮಾಡಿದರೂ ಒಳಗೆ ಬಿಡುವುದಿಲ್ಲ. ನಾಲ್ಕು ಸರ್ವಿಸ್‌ಗೂ ಒಂದೇ ಯೂಸರ್ ಕೊಟ್ಟಿದ್ದರೆ ಒಂದರ ತಪ್ಪಿಗೆ ನಾಲ್ಕೂ ನಿಲ್ಲುತ್ತವೆ.

ಆದ್ದರಿಂದ ಒಂದೊಂದು ಸರ್ವಿಸ್‌ಗೆ ಒಂದೊಂದು ಯೂಸರ್ ಇರಲಿ. ಟೇಬಲ್ ರಚಿಸುವ, ಅಳಿಸುವ ಅಧಿಕಾರ ಮೈಗ್ರೇಶನ್ ಓಡಿಸುವ ಬೇರೆ ಯೂಸರಿಗೆ ಹೋಗಲಿ, ದಿನನಿತ್ಯದ ಯೂಸರಿಗೆ ಬೇಡ. ಪಾಸ್‌ವರ್ಡ್ ಬದಲಾವಣೆಗೆ ಮೈಎಸ್‌ಕ್ಯೂಎಲ್ 8.0.14ರಿಂದ ಹಳೆಯದನ್ನೂ ಸ್ವಲ್ಪ ಕಾಲ ಉಳಿಸಿಕೊಳ್ಳುವ ಸೌಲಭ್ಯವಿದೆ. ಒರಾಕಲ್ 21ಸಿ ಮತ್ತು 19.12ರಲ್ಲೂ ಅಂಥದ್ದು ಬಂದಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಲಾಗಿನ್ ಯೂಸರ್‌ಗಳನ್ನು ಇಟ್ಟುಕೊಂಡು, ಇಬ್ಬರಿಗೂ ಒಂದೇ ರೋಲ್ ಕೊಟ್ಟು, ಸರದಿಯ ಮೇಲೆ ಬಳಸುವುದು ಸಲೀಸು.

ಪೂಲ್ ಎಷ್ಟಿರಬೇಕು

ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಒಂದೊಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಡಿಫಾಲ್ಟ್ ಮಿತಿ 100, ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು. ಉಳಿಯುವುದು 97. ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ 151. ಹಿಕಾರಿ ಪೂಲಿನ ಡಿಫಾಲ್ಟ್ 10.

ನಮ್ಮ ಪೀಣ್ಯದ ಲೆಕ್ಕ ಹಾಕಿ. ನಾಲ್ಕು ಸರ್ವಿಸ್, ಪ್ರತಿಯೊಂದಕ್ಕೂ ಮೂರು ಪಾಡ್ (ಕುಬರ್ನೆಟಿಸ್‌ನಲ್ಲಿ ಓಡುವ ಒಂದೊಂದು ಪ್ರತಿ), ಪ್ರತಿ ಪಾಡಿನಲ್ಲಿ 10. ಒಟ್ಟು 120. ಯಾರೂ ಏನೂ ಬದಲಾಯಿಸದೆ, ಎಲ್ಲ ಡಿಫಾಲ್ಟಿನಲ್ಲೇ ಬಿಟ್ಟು, 97ರ ಮಿತಿ ದಾಟಿ ಆಯಿತು. ಇದು ಮೊದಲ ದಿನ ಯಾಕೆ ಕಾಣಲಿಲ್ಲ? ಮೊದಲ ದಿನ ಪ್ರತಿ ಸರ್ವಿಸ್‌ಗೂ ಎರಡೇ ಪಾಡ್ ಇತ್ತು, 80ರಲ್ಲಿ ನಡೆದುಹೋಯಿತು. ಮೂರನೇ ಪಾಡ್ ಸೇರಿಸಿದ ದಿನವೂ ಕೊನೆಯಲ್ಲಿ ಸ್ಟಾರ್ಟ್ ಆದ ಸರ್ವಿಸ್ ಮಾತ್ರ ಸೋಲುತ್ತದೆ, ಹಾಗಾಗಿ ತಪ್ಪು ಅದರದ್ದೇ ಎಂದು ಎಲ್ಲರೂ ಅದರ ಕೋಡನ್ನು ಜಾಲಾಡುತ್ತಾರೆ. ರೋಲಿಂಗ್ ಡಿಪ್ಲಾಯ್‌ಮೆಂಟ್ ಸಮಯದಲ್ಲಿ ಹಳೇ ಪಾಡ್ ಸಾಯುವ ಮುನ್ನ ಹೊಸದು ಹುಟ್ಟಿರುತ್ತದೆ, ಆ ಕೆಲವು ನಿಮಿಷಗಳ ಹೆಚ್ಚುವರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾಕಪ್, ಮಾನಿಟರಿಂಗ್, ಡಿಬಿಎ ಲಾಗಿನ್ನಿಗೆ ಒಂದು ಹತ್ತು ಬಿಡಿ.

ಹಾಗಾದರೆ ಮಿತಿಯನ್ನು 500 ಮಾಡಿಬಿಡೋಣವೇ? ದರ್ಶಿನಿಯಲ್ಲಿ ದೋಸೆ ಕಾವಲಿ ಒಂದೇ ಇರುವಾಗ ಬಿಲ್ ಕೌಂಟರನ್ನು ನಾಲ್ಕು ಮಾಡಿದರೆ ಚೀಟಿ ಬೇಗ ಸಿಗುತ್ತದೆ, ದೋಸೆಯಲ್ಲ. ಡೇಟಾಬೇಸಿನ ಕಾವಲಿ ಅದರ ಕೋರ್‌ಗಳು ಮತ್ತು ಡಿಸ್ಕ್. ಪೋಸ್ಟ್‌ಗ್ರೆಸ್ ವಲಯದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಸೂತ್ರ: ಕೋರ್ ಸಂಖ್ಯೆಯ ಎರಡರಷ್ಟು, ಜೊತೆಗೆ ಡಿಸ್ಕ್ ಸ್ಪಿಂಡಲ್ ಸಂಖ್ಯೆ. 8 ಕೋರಿಗೆ 16, ಡಿಸ್ಕಿಗೆ ಒಂದು ಸೇರಿಸಿದರೆ 17. ಎಸ್‌ಎಸ್‌ಡಿ ಕಾಲದಲ್ಲಿ ಇದನ್ನು ವೇದವಾಕ್ಯ ಎಂದು ಹಿಡಿಯಬೇಕಿಲ್ಲ, ಅಳತೆ ಶುರು ಮಾಡುವ ಜಾಗ ಎಂದುಕೊಳ್ಳಿ. ಅಂದರೆ ಏಕಕಾಲಕ್ಕೆ ಕೆಲಸ ಮಾಡುವ ಕನೆಕ್ಷನ್ನು ಇಡೀ ಕಾರ್ಖಾನೆಗೆ ಇಪ್ಪತ್ತರ ಆಸುಪಾಸು. 12 ಪಾಡಿಗೆ ಹಂಚಿದರೆ ತಲಾ ಎರಡು. ಇಲ್ಲಿ ಯಾರಾದರೂ ಹುಬ್ಬೇರಿಸುತ್ತಾರೆ: ಟಾಮ್‌ಕ್ಯಾಟಿನಲ್ಲಿ 200 ಥ್ರೆಡ್ ಇರುವಾಗ ಎರಡು ಕನೆಕ್ಷನ್ನೇ?

ಅದಕ್ಕೆ ಇನ್ನೊಂದು ಲೆಕ್ಕ. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್, ಪ್ರತಿಯೊಂದು ಎಷ್ಟು ಹೊತ್ತು ಕನೆಕ್ಷನ್ ಹಿಡಿಯುತ್ತದೆ, ಇವೆರಡರ ಗುಣಲಬ್ಧವೇ ಸರಾಸರಿ ಬೇಕಾಗುವ ಕನೆಕ್ಷನ್ ಸಂಖ್ಯೆ. ಲಿಟಲ್ ನಿಯಮ ಎಂದು ಇದಕ್ಕೆ ಹೆಸರು. ಸೆಕೆಂಡಿಗೆ 150 ರಿಕ್ವೆಸ್ಟ್, ತಲಾ 30 ಮಿಲಿಸೆಕೆಂಡ್: 150ನ್ನು 0.03ರಿಂದ ಗುಣಿಸಿ. ನಾಲ್ಕೂವರೆ. ಪಾಳಿ ಬದಲಾಗುವ ಹೊತ್ತಿನ ನೂಕುನುಗ್ಗಲಿಗೆ ಮೂರು ಪಟ್ಟು ಇಟ್ಟುಕೊಂಡರೂ ಹದಿನಾಲ್ಕು. ಆದರೆ ಈ ಹಂಚಿಕೆ ಸಮವಾಗಿರಬೇಕಿಲ್ಲ. ಪೇರೋಲಿಗೆ ತಿಂಗಳ ಕೊನೆಯಲ್ಲಿ ಬೇಕು, ಸ್ಟೋರ್ಸಿಗೆ ದಿನವಿಡೀ ಬೇಕು. ಪಾಡ್ ಸಂಖ್ಯೆ ಹೆಚ್ಚಿದ್ದು ತಲಾ ಎರಡಕ್ಕೆ ಇಳಿಸಲಾಗದು ಎನ್ನುವಂತಿದ್ದರೆ ನಡುವೆ ಕೆಲವೇ ಕನೆಕ್ಷನ್ನುಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಇಡಿ. ಅದರ ವಿಷಯ ಕೊನೆಗೆ.

ಈಗ ಇದೇ ಲೆಕ್ಕವನ್ನು ಬೇರೆ ಜಾಗದಲ್ಲಿ ಮಾಡೋಣ. ಅಪ್ಲಿಕೇಶನ್ ಪೀಣ್ಯದ ಸರ್ವರ್ ರೂಮಿನಲ್ಲೇ ಇದೆ, ಡೇಟಾಬೇಸನ್ನು ಮಾತ್ರ ಮುಂಬೈನ ಕ್ಲೌಡಿಗೆ ಸಾಗಿಸಿದರು ಎಂದುಕೊಳ್ಳಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರು ಮುಂಬೈ ನೇರ ಅಂತರ 800 ಕಿಲೋಮೀಟರಿಗೂ ಹೆಚ್ಚು. ಹೋಗಿ ಬರಲು ಭೌತಶಾಸ್ತ್ರವೇ 8 ಮಿಲಿಸೆಕೆಂಡ್ ಕೇಳುತ್ತದೆ. ಕೇಬಲ್ ನೇರ ಹೋಗುವುದಿಲ್ಲ, ನಡುವೆ ರೌಟರುಗಳಿವೆ. 20 ಎಂದಿಟ್ಟುಕೊಳ್ಳಿ. ಸ್ಟೋರ್ಸಿನ ಒಂದು ಸ್ಕ್ರೀನು, ಪಟ್ಟಿಯ ಪ್ರತಿ ಸಾಲಿಗೂ ಒಂದು ಕ್ವೆರಿ ಹಾಕುತ್ತಾ 40 ಕ್ವೆರಿ ಕಳಿಸುತ್ತದೆ. ಮೊದಲು ಎಲ್ಲ ಸೇರಿ 30 ಮಿಲಿಸೆಕೆಂಡ್ ಆಗುತ್ತಿದ್ದದ್ದು ಈಗ ಓಡಾಟವೇ 800. ಕನೆಕ್ಷನ್ ಹಿಡಿದಿರುವ ಹೊತ್ತು ಇಪ್ಪತ್ತೈದು ಪಟ್ಟಿಗಿಂತ ಹೆಚ್ಚಾಯಿತು, ಪೂಲ್ ಬರಿದಾಯಿತು. ಲಾಗ್ ನೋಡಿದವರು 'ಪೂಲ್ ಸಾಲದು' ಅನ್ನುತ್ತಾರೆ. ಡೇಟಾಬೇಸ್ ನೋಡಿದವರು 'ಸಿಪಿಯು 5 ಪರ್ಸೆಂಟಿದೆ, ನಮ್ಮದೇನೂ ಇಲ್ಲ' ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಮದ್ದು ಇರುವುದು ಆ 40 ಕ್ವೆರಿಯನ್ನು ಒಂದೆರಡಕ್ಕೆ ಇಳಿಸುವುದರಲ್ಲಿ, ಇಲ್ಲವೇ ಅಪ್ಲಿಕೇಶನ್ನನ್ನೂ ಮುಂಬೈಗೇ ಒಯ್ಯುವುದರಲ್ಲಿ.

ಹಿಡಿದ ಹೊತ್ತನ್ನು ಉದ್ದ ಮಾಡುವ ಇನ್ನೂ ಕೆಲವು ಕಳ್ಳರಿದ್ದಾರೆ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ಇನ್ನೊಂದು ಸರ್ವಿಸ್‌ಗೋ, ಜಿಎಸ್‌ಟಿ ಪೋರ್ಟಲಿಗೋ ಕರೆ ಮಾಡುವುದು. ಆ ಕಡೆ ನಿಧಾನವಾದರೆ ಈ ಕಡೆ ಪೂಲ್ ಖಾಲಿ. ಸ್ಪ್ರಿಂಗ್ ಬೂಟಿನ ಓಪನ್ ಇನ್ ವ್ಯೂ ಡಿಫಾಲ್ಟ್ ಆಗಿ ಚಾಲೂ ಇರುತ್ತದೆ, ಮೊದಲ ಕ್ವೆರಿಗೆ ತೆಗೆದುಕೊಂಡ ಕನೆಕ್ಷನ್ನನ್ನು ಉತ್ತರ ಕಳಿಸುವವರೆಗೂ ಹಿಡಿದಿಟ್ಟುಕೊಳ್ಳಬಹುದು. ಸ್ಟಾರ್ಟ್ ಆಗುವಾಗ ಲಾಗಿನಲ್ಲಿ ಎಚ್ಚರಿಕೆಯನ್ನೂ ಕೊಡುತ್ತದೆ, ನಾವು ಓದುವುದಿಲ್ಲ. ಫಾಲ್ಸ್ ಮಾಡಿ, ಆದರೆ ಮಾಡಿದ ಮೇಲೆ ಲೇಜಿ ಲೋಡಿಂಗ್ ಎರರ್ ಬರುವ ಸ್ಕ್ರೀನುಗಳನ್ನು ಪರೀಕ್ಷಿಸಿ.

ಇನ್ನೊಂದು, ಒಂದೇ ಥ್ರೆಡ್ಡಿಗೆ ಎರಡು ಕನೆಕ್ಷನ್ ಬೇಕಾಗುವುದು. ಆಡಿಟ್ ಲಾಗ್ ಬರೆಯಲು ಹೊಸ ಟ್ರಾನ್ಸಾಕ್ಷನ್ ತೆರೆಯುವ ಕೋಡಿನಲ್ಲಿ ಇದು ಸಾಮಾನ್ಯ. ಪೂಲ್ 10, ಏಕಕಾಲಕ್ಕೆ ಹತ್ತು ರಿಕ್ವೆಸ್ಟ್ ಬಂದವು, ಹತ್ತೂ ತಲಾ ಒಂದನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತಿವೆ. ಕೊಡುವವರು ಯಾರೂ ಇಲ್ಲ. 30 ಸೆಕೆಂಡ್ ಎಲ್ಲ ಸ್ತಬ್ಧ. ಇದನ್ನು ತಪ್ಪಿಸಲು ಬೇಕಾದ ಕನಿಷ್ಠ ಪೂಲ್: ಥ್ರೆಡ್ ಸಂಖ್ಯೆಯನ್ನು, ತಲಾ ಬೇಕಾದ ಕನೆಕ್ಷನ್ನಿನಲ್ಲಿ ಒಂದು ಕಳೆದು ಗುಣಿಸಿ, ಒಂದು ಸೇರಿಸಿ. 200 ಥ್ರೆಡ್, ತಲಾ ಎರಡು ಅಂದರೆ 201. ಇದು ಆಗುಹೋಗದ ಸಂಖ್ಯೆ, ಆದ್ದರಿಂದ ಕೋಡನ್ನೇ ತಿದ್ದಬೇಕು.

ಸೋರಿಕೆ ಪತ್ತೆಗೆ ಹಿಕಾರಿಯಲ್ಲಿ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಇದೆ, ಡಿಫಾಲ್ಟ್ ಆಗಿ ಬಂದ್. 20000 ಮಿಲಿಸೆಕೆಂಡ್ ಕೊಡಿ. ಅಷ್ಟು ಹೊತ್ತಿಗೂ ವಾಪಸ್ ಬಾರದ ಕನೆಕ್ಷನ್ನನ್ನು ಯಾವ ಕೋಡಿನ ಸಾಲು ಒಯ್ದಿತು ಎಂದು ಲಾಗಿನಲ್ಲಿ ತೋರಿಸುತ್ತದೆ. ತೋರಿಸುತ್ತದೆ ಅಷ್ಟೇ, ಕಿತ್ತುಕೊಂಡು ಬರುವುದಿಲ್ಲ.

ಟೈಮ್‌ಔಟುಗಳ ಸರದಿ

ಎಂಟರ್‌ಪ್ರೈಸ್ ಅಪ್ಲಿಕೇಶನ್ನುಗಳಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ. ಮೊದಲು ಅಳತೆಯ ಮಾನ. ನೆಟ್‌ವರ್ಕಿನಿಂದ ಉತ್ತರ ಬರಲು ಎಷ್ಟು ಕಾಯಬೇಕು ಎಂದು ಹೇಳುವ ಸಾಕೆಟ್ ಟೈಮ್‌ಔಟ್ ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರಿನಲ್ಲಿ ಸೆಕೆಂಡಿನಲ್ಲಿ, ಮೈಎಸ್‌ಕ್ಯೂಎಲ್ ಡ್ರೈವರಿನದ್ದು ಮಿಲಿಸೆಕೆಂಡಿನಲ್ಲಿ. ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬಂದ ಪ್ರಾಜೆಕ್ಟಿನಲ್ಲಿ 30000 ಎಂದು ಹಾಗೇ ಉಳಿದರೆ ಎಂಟು ಗಂಟೆಗೂ ಹೆಚ್ಚು. ಎದುರು ದಿಕ್ಕಿನಲ್ಲಿ 30 ಎಂದು ಒಯ್ದರೆ 30 ಮಿಲಿಸೆಕೆಂಡು, ಪ್ರತಿ ಎರಡನೇ ಕ್ವೆರಿ ಕತ್ತರಿಸಿಹೋಗುತ್ತದೆ. ಎರಡೂ ಡ್ರೈವರಿನಲ್ಲಿ ಡಿಫಾಲ್ಟ್ ಸೊನ್ನೆ, ಅಂದರೆ ಅನಂತಕಾಲ ಕಾಯುತ್ತದೆ.

ಅನಂತಕಾಲ ಕಾಯುವುದು ಎಂದರೇನು ನೋಡಿ. ಕಚೇರಿಯ ಫೈರ್‌ವಾಲ್ ಸುಮ್ಮನಿರುವ ಕನೆಕ್ಷನ್ನನ್ನು ಯಾರಿಗೂ ಹೇಳದೆ ಮರೆತುಬಿಟ್ಟಿದೆ. ಅಪ್ಲಿಕೇಶನ್ನಿನ ಕಡೆ ಸಾಕೆಟ್ ತೆರೆದೇ ಇದೆ ಎಂದು ಕಾಣುತ್ತದೆ. ಕ್ವೆರಿ ಕಳಿಸಿದರೆ ಉತ್ತರವಿಲ್ಲ. ಲಿನಕ್ಸ್ ಕರ್ನಲ್ ಡಿಫಾಲ್ಟ್ ಆಗಿ 15 ಸಲ ಮರುಪ್ರಯತ್ನ ಮಾಡುತ್ತದೆ, ಪ್ರತಿ ಸಲವೂ ನಡುವಿನ ಅಂತರ ಹಿಗ್ಗುತ್ತದೆ, ಒಟ್ಟು ಸುಮಾರು 924 ಸೆಕೆಂಡು. ಹದಿನೈದು ನಿಮಿಷ ಚಿಲ್ಲರೆ. 'ಬೆಳಿಗ್ಗೆ ಬಂದ ಕೂಡಲೇ ಮೊದಲ ಹದಿನೈದು ನಿಮಿಷ ಸಿಸ್ಟಂ ಹ್ಯಾಂಗ್ ಆಗುತ್ತೆ ಸರ್, ಆಮೇಲೆ ಸರಿ ಹೋಗುತ್ತೆ' ಎಂಬ ದೂರು ಬಂದರೆ ಈ ಸಂಖ್ಯೆ ನೆನಪಿಗೆ ಬರಲಿ. ಸುಮ್ಮನಿರುವ ಕನೆಕ್ಷನ್ನನ್ನು ತಟ್ಟಿ ನೋಡುವ ಟಿಸಿಪಿ ಕೀಪ್‌ಅಲೈವ್ ಕಾಪಾಡುತ್ತದೆ ಎಂದು ನಂಬಬೇಡಿ. ಲಿನಕ್ಸಿನಲ್ಲಿ ಅದರ ಡಿಫಾಲ್ಟ್ 7200 ಸೆಕೆಂಡು, ಎರಡು ಗಂಟೆ. ಅಷ್ಟರಲ್ಲಿ ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೇ ಮರೆತಿರುತ್ತದೆ.

ಹಿಕಾರಿ ಕನೆಕ್ಷನ್ ಕೊಡುವ ಮುನ್ನ ಜೀವ ಇದೆಯೇ ಎಂದು ಮುಟ್ಟಿ ನೋಡುತ್ತದೆ, ಅದಕ್ಕೆ ಡಿಫಾಲ್ಟ್ ಆಗಿ 5 ಸೆಕೆಂಡು. ಸತ್ತವೇ ಒಂದರ ಹಿಂದೆ ಒಂದು ಕೈಗೆ ಬಂದರೆ ಆರನೆಯದರ ಹೊತ್ತಿಗೆ 30 ಸೆಕೆಂಡ್ ಮುಗಿದು ರಿಕ್ವೆಸ್ಟ್ ಸೋಲುತ್ತದೆ. ಆದ್ದರಿಂದ ಸಾಯಲು ಬಿಡಲೇಬಾರದು. ನಡುವಿನ ಯಾವ ಪೆಟ್ಟಿಗೆ ಎಷ್ಟು ಹೊತ್ತಿಗೆ ಮರೆಯುತ್ತದೆ ಎಂದು ನೆಟ್‌ವರ್ಕ್ ತಂಡವನ್ನು ಕೇಳಿ, ಅತಿ ಚಿಕ್ಕದು ಯಾವುದೋ ಅದಕ್ಕಿಂತ ಕಡಿಮೆಗೆ ಹಿಕಾರಿಯ ಕೀಪ್‌ಅಲೈವ್ ಟೈಮ್ ಇಡಿ. 350 ಇದ್ದರೆ 120 ಸೆಕೆಂಡು ಸಾಕು. ಗರಿಷ್ಠ ಆಯುಸ್ಸನ್ನು ಡೇಟಾಬೇಸಿನ ಮಿತಿಗಿಂತ ಕೆಲವು ಸೆಕೆಂಡಾದರೂ ಕಡಿಮೆ ಇಡಿ. ಮೈಎಸ್‌ಕ್ಯೂಎಲ್‌ನ ವೇಟ್ ಟೈಮ್‌ಔಟ್ ಡಿಫಾಲ್ಟ್ 28800 ಸೆಕೆಂಡು, ಎಂಟು ಗಂಟೆ. ಆದರೆ ಎಷ್ಟೋ ಡಿಬಿಎಗಳು ಅದನ್ನು 300ಕ್ಕೋ 600ಕ್ಕೋ ಇಳಿಸಿರುತ್ತಾರೆ. ಕೇಳದೆ ಊಹಿಸಬೇಡಿ. 'ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್' ಎರರುಗಳಲ್ಲಿ ಬಹಳಷ್ಟಕ್ಕೆ ಮೂಲ ಇಲ್ಲಿದೆ.

ಈಗ ಕಾಯುವಿಕೆಗಳ ಏಣಿ. ಎನ್‌ಜಿನ್‌ಎಕ್ಸ್ ಉತ್ತರಕ್ಕೆ ಕಾಯುವ ಡಿಫಾಲ್ಟ್ 60 ಸೆಕೆಂಡು. ಅದರ ಒಳಗೆ ಪೂಲಿಗಾಗಿ ಕಾಯುವ ಹೊತ್ತು ಮತ್ತು ಕ್ವೆರಿಯ ಹೊತ್ತು ಎರಡೂ ಹಿಡಿಯಬೇಕು. ಪೂಲಿಗೆ 30 ಸೆಕೆಂಡು ಬಹಳವಾಯಿತು, 3ರಿಂದ 5 ಇಡಿ. ಬೇಗ ಸೋತರೆ ಬಳಕೆದಾರರಿಗೆ ಬೇಗ ಗೊತ್ತಾಗುತ್ತದೆ, ಹಿಂದೆ ಸಾಲು ಬೆಳೆಯುವುದಿಲ್ಲ. ಕ್ವೆರಿಗೆ ಡೇಟಾಬೇಸಿನಲ್ಲೇ ಸ್ಟೇಟ್‌ಮೆಂಟ್ ಟೈಮ್‌ಔಟ್ 20 ಸೆಕೆಂಡು ಕೊಡಿ. ಸಾಕೆಟ್ ಟೈಮ್‌ಔಟ್ ಅದಕ್ಕಿಂತ ಹೆಚ್ಚು, 25ರಿಂದ 30. ಈ ಸರದಿ ತಲೆಕೆಳಗಾದರೆ, ಅಂದರೆ ಸಾಕೆಟ್ ಮೊದಲು ಕಡಿದುಕೊಂಡರೆ, ಅಪ್ಲಿಕೇಶನ್ 'ಆಗಲಿಲ್ಲ' ಅನ್ನುತ್ತದೆ, ಡೇಟಾಬೇಸ್ ಮಾತ್ರ ಆ ಕ್ವೆರಿಯನ್ನು ಇನ್ನೂ ಅರೆಯುತ್ತಿರುತ್ತದೆ. ಬಳಕೆದಾರರು ಮತ್ತೆ ಬಟನ್ ಒತ್ತುತ್ತಾರೆ. ಈಗ ಎರಡು ಕ್ವೆರಿ. ಮೂರನೇ ಸಲ ಒತ್ತಿದರೆ ಮೂರು. ತಿಂಗಳ ಕೊನೆಯ ಸ್ಟಾಕ್ ರಿಪೋರ್ಟಿಗೆ ನಿಜವಾಗಿಯೂ ನಾಲ್ಕು ನಿಮಿಷ ಬೇಕು ಎಂದಾದರೆ ಎಲ್ಲರ ಟೈಮ್‌ಔಟನ್ನೂ ಹಿಗ್ಗಿಸಬೇಡಿ. ರಿಪೋರ್ಟಿಗೆ ಎರಡೇ ಕನೆಕ್ಷನ್ನಿನ ಬೇರೆ ಪೂಲ್, ಬೇರೆ ಯೂಸರ್, ಬೇರೆ ಮಿತಿ, ಸಾಧ್ಯವಾದರೆ ರೀಡ್ ರೆಪ್ಲಿಕಾ (ಓದಲಿಕ್ಕಷ್ಟೇ ಇರುವ ಡೇಟಾಬೇಸಿನ ನಕಲು).

ಜೊತೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂರುವ ಸೆಷನ್ನಿಗೂ ಒಂದು ಟೈಮ್‌ಔಟ್ ಇದೆ, ಡಿಫಾಲ್ಟ್ ಸೊನ್ನೆ. ಒಂದು ನಿಮಿಷ ಇಡಿ. ಹಾಗೆ ಕೂತ ಸೆಷನ್ ಲಾಕ್ ಹಿಡಿದಿರುತ್ತದೆ, ಬೇಡವಾದ ಹಳೇ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಕೆಲಸಕ್ಕೂ ಅಡ್ಡಗಾಲು.

ಕನ್ನಡ ಅಕ್ಷರ, ಏಪ್ರಿಲ್ 1

ಕಾರ್ಮಿಕರ ಹೆಸರು ಕನ್ನಡದಲ್ಲಿ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ ಎಂಬ ದೂರು ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೆಚ್ಚು. ಕಾಲಂ ವಾರ್‌ಚಾರ್ ಇದ್ದರೆ ಸಾಮಾನ್ಯ ಕೊಲೇಶನ್ನಿನಲ್ಲಿ (ಅಕ್ಷರಗಳ ಸೆಟ್ಟಿಂಗಿನಲ್ಲಿ) ಕನ್ನಡ ಉಳಿಯುವುದಿಲ್ಲ, ಎನ್‌ವಾರ್‌ಚಾರ್ ಬೇಕು. ಹಾಗೆ ಹಾಳಾದದ್ದನ್ನು ಮತ್ತೆ ಪಡೆಯಲಾಗದು, ಒಳಗೆ ಉಳಿದಿರುವುದೇ ಪ್ರಶ್ನಾರ್ಥಕ ಚಿಹ್ನೆ. ಮೈಎಸ್‌ಕ್ಯೂಎಲ್‌ನ ಹಳೇ ಮೂರು ಬೈಟಿನ ಯುಟಿಎಫ್8ರಲ್ಲಿ ಕನ್ನಡ ಕೂರುತ್ತದೆ, ಇಮೋಜಿ ಕೂರುವುದಿಲ್ಲ. ಹೊಸದಾಗಿ ಮಾಡುವವರು ಯುಟಿಎಫ್8ಎಂಬಿ4 ಹಾಕಿ ಮುಗಿಸಿ. ಒರಾಕಲ್‌ನಲ್ಲಿ ಉದ್ದದ ಅಳತೆ ಡಿಫಾಲ್ಟ್ ಆಗಿ ಬೈಟಿನಲ್ಲಿ. 'ಬೆಂಗಳೂರು' ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ ಎಂಟು ಸಂಕೇತ, ಯುಟಿಎಫ್8ರಲ್ಲಿ 24 ಬೈಟು. ಊರಿನ ಹೆಸರಿಗೆ 20 ಸಾಕು ಎಂದು ಇಟ್ಟ ಕಾಲಂನಲ್ಲಿ ನಮ್ಮ ಊರೇ ಹಿಡಿಯುವುದಿಲ್ಲ, ಓರಾ-12899 ಬರುತ್ತದೆ. ಕಾಲಂ ರಚಿಸುವಾಗಲೇ 'ಚಾರ್' ಎಂದು ಹೇಳಿಬಿಡಿ.

ಟೈಮ್‌ಝೋನ್ ವಿಷಯ ಚಿಕ್ಕದು, ಹೊಡೆತ ದೊಡ್ಡದು. ಭಾರತದ ಏಪ್ರಿಲ್ 1ರ ಮಧ್ಯರಾತ್ರಿ 12 ಗಂಟೆ ಎಂದರೆ ಯುಟಿಸಿಯಲ್ಲಿ ಮಾರ್ಚ್ 31ರ 18:30. ಅಪ್ಲಿಕೇಶನ್ ಸರ್ವರ್ ಭಾರತದ ಸಮಯದಲ್ಲಿ, ಡೇಟಾಬೇಸ್ ಸೆಷನ್ ಯುಟಿಸಿಯಲ್ಲಿ ಇದ್ದು, ನಡುವೆ ಎಲ್ಲೋ ಸಮಯ ಕತ್ತರಿಸಿ ದಿನಾಂಕ ಮಾತ್ರ ಉಳಿಸಿದರೆ ಹೊಸ ಹಣಕಾಸು ವರ್ಷದ ಇನ್‌ವಾಯ್ಸ್ ಹಿಂದಿನ ವರ್ಷಕ್ಕೆ ಬೀಳುತ್ತದೆ. ಜೆವಿಎಂ, ಡ್ರೈವರ್, ಡೇಟಾಬೇಸ್ ಸೆಷನ್ ಮೂರರಲ್ಲೂ ಝೋನನ್ನು ಬರೆದೇ ಇಡಿ.

ಕನೆಕ್ಷನ್ನನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್ ಬಗ್ಗೆ ಒಂದೇ ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಡಿಫಾಲ್ಟ್ ಆದ 'ಪ್ರಿಫರ್' ಮೋಡ್ ಎದುರಿಗಿರುವುದು ನಿಜವಾದ ಸರ್ವರೇ ಎಂದು ಪರಿಶೀಲಿಸುವುದಿಲ್ಲ, 'ವೆರಿಫೈ ಫುಲ್' ಬೇಕು. ಎಸ್‌ಕ್ಯೂಎಲ್ ಸರ್ವರಿನ ಜೆಡಿಬಿಸಿ ಡ್ರೈವರ್ 10.2ರಿಂದ ಎನ್‌ಕ್ರಿಪ್ಶನ್ ಡಿಫಾಲ್ಟ್ ಆಗಿ ಆನ್. ಡ್ರೈವರ್ ಅಪ್‌ಗ್ರೇಡ್ ಮಾಡಿದ ದಿನ ಸರ್ಟಿಫಿಕೇಟ್ ಎರರ್ ಬಂದರೆ ಗಾಬರಿಯಾಗಿ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಟ್ರೂ ಮಾಡಬೇಡಿ, ಸಂಸ್ಥೆಯ ಸಿಎ ಸರ್ಟಿಫಿಕೇಟನ್ನು ಟ್ರಸ್ಟ್ ಸ್ಟೋರಿಗೆ ಸೇರಿಸಿ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವು

ಪಿಜಿಬೌನ್ಸರ್ ಹಾಕಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆಯೇ ಸರ್?

ಲೆಕ್ಕ ಒಂದು ಜಾಗಕ್ಕೆ ಬರುತ್ತದೆ, ತಪ್ಪುವುದಿಲ್ಲ. ಅಪ್ಲಿಕೇಶನ್ನುಗಳು 6432ಕ್ಕೆ ಬರುತ್ತವೆ, ಅಲ್ಲಿಂದ ಡೇಟಾಬೇಸಿಗೆ ಇಪ್ಪತ್ತೇ ಕನೆಕ್ಷನ್ ಹೋಗುವಂತೆ ಕಟ್ಟಬಹುದು. ಆದರೆ ಟ್ರಾನ್ಸಾಕ್ಷನ್ ಮೋಡಿನಲ್ಲಿ ಪ್ರತಿ ಟ್ರಾನ್ಸಾಕ್ಷನ್ನಿಗೂ ಹಿಂದಿನ ಕನೆಕ್ಷನ್ ಬೇರೆ ಆಗಬಹುದು. ಸೆಷನ್ ಮಟ್ಟದ ಸೆಟ್, ಅಡ್ವೈಸರಿ ಲಾಕ್, ಲಿಸನ್, ಇವನ್ನು ನಂಬಿದ ಕೋಡು ಕೈ ಕೊಡುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ 1.21ರಿಂದ ಬೆಂಬಲ ಬಂದಿದೆ. ಅದಕ್ಕೂ ಹಳೇ ಆವೃತ್ತಿಯಾದರೆ ಜೆಡಿಬಿಸಿ ಯುಆರ್‌ಎಲ್‌ನಲ್ಲಿ ಪ್ರಿಪೇರ್ ಥ್ರೆಶೋಲ್ಡ್ ಸೊನ್ನೆ ಮಾಡಿ. ಮೈಗ್ರೇಶನ್ ಮಾತ್ರ ನೇರ 5432ಕ್ಕೇ ಹೋಗಲಿ.

ಕರೆಂಟ್ ಹೋಗಿ ಬಂದಾಗ ನಮ್ಮ ಕಾರ್ಖಾನೆಯಲ್ಲಿ ಡೇಟಾಬೇಸ್ ಏಳುವ ಮುನ್ನವೇ ಅಪ್ಲಿಕೇಶನ್ ಎದ್ದು, ಸೋತು, ಹಾಗೇ ಬಿದ್ದಿರುತ್ತದೆ. ಏನು ಮಾಡಬೇಕು?

ಹಿಕಾರಿ ಮೊದಲ ಕನೆಕ್ಷನ್ ಸಿಗದಿದ್ದರೆ ಡಿಫಾಲ್ಟ್ ಆಗಿ ಅಲ್ಲೇ ಕೈಬಿಡುತ್ತದೆ. ಇನಿಶಿಯಲೈಸೇಶನ್ ಫೇಲ್ ಟೈಮ್‌ಔಟಿಗೆ ಮೈನಸ್ ಒಂದು ಕೊಟ್ಟರೆ ಪೂಲ್ ಏಳುತ್ತದೆ, ಆದರೆ ಡೇಟಾಬೇಸ್ ಕೆಲಸ ಮಾಡಿಕೊಡುವ ಹೈಬರ್ನೇಟ್ ಲೈಬ್ರರಿ ಸ್ಟಾರ್ಟ್ ಆಗುವಾಗಲೇ ಡೇಟಾಬೇಸ್ ಕೇಳುವ ಕಾರಣ ಅಪ್ಲಿಕೇಶನ್ ಆಗಲೂ ಬೀಳಬಹುದು. ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಂಡಿಯಲ್ಲಿ, ಸೋತರೆ 15 ಸೆಕೆಂಡ್ ಬಿಟ್ಟು ಮತ್ತೆ ಸ್ಟಾರ್ಟ್ ಮಾಡು ಎಂದು ಬರೆಯುವುದೇ ನೇರ ದಾರಿ. ಡೇಟಾಬೇಸ್ ಮಷೀನಿನ ಯುಪಿಎಸ್ ಬ್ಯಾಟರಿ ಕೊನೆಯ ಸಲ ಯಾವಾಗ ಬದಲಾಯಿತು ಎಂದೂ ಒಮ್ಮೆ ವಿಚಾರಿಸಿ.

ಯಾವ ಸರ್ವಿಸ್ ಎಷ್ಟು ಕನೆಕ್ಷನ್ ಹಿಡಿದಿದೆ ಎಂದು ಡಿಬಿಎ ಕೇಳಿದರೆ ನಮಗೆ ಹೇಳಲು ಆಗುವುದಿಲ್ಲ. ಎಲ್ಲವೂ ಒಂದೇ ಹೆಸರಿನಲ್ಲಿ ಕಾಣುತ್ತವೆ.

ಜೆಡಿಬಿಸಿ ಯುಆರ್‌ಎಲ್‌ನಲ್ಲಿ ಅಪ್ಲಿಕೇಶನ್ ನೇಮ್ ಎಂಬ ಪ್ಯಾರಾಮೀಟರ್ ಇದೆ. ಬಿಲ್ಲಿಂಗ್, ಸ್ಟೋರ್ಸ್ ಎಂದು ತಲಾ ಒಂದು ಹೆಸರು, ಜೊತೆಗೆ ಪಾಡಿನ ಹೆಸರು ಸೇರಿಸಿ. ಪೋಸ್ಟ್‌ಗ್ರೆಸ್‌ನ ಸೆಷನ್ ಪಟ್ಟಿಯಾದ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ಅದರ ಪ್ರಕಾರ, ಸ್ಟೇಟ್ ಪ್ರಕಾರ ಗುಂಪು ಮಾಡಿ ಎಣಿಸಿದರೆ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಟ್ರಾನ್ಸಾಕ್ಷನ್ ತೆರೆದು ಕೂತಿದ್ದಾರೆ ಎಂದು ಒಂದೇ ಕ್ವೆರಿಯಲ್ಲಿ ಕಾಣುತ್ತದೆ. ಹಿಕಾರಿಯ ಕಡೆಯಿಂದ ಆಕ್ಟಿವ್ ಸಂಖ್ಯೆಯ ಜೊತೆ 'ಪೆಂಡಿಂಗ್' ಸಂಖ್ಯೆಯನ್ನೂ ಗ್ರಾಫಿಗೆ ಹಾಕಿ. ಪೆಂಡಿಂಗ್ ಸೊನ್ನೆಗಿಂತ ಮೇಲೆ ನಿಂತೇ ಇದ್ದು, ಡೇಟಾಬೇಸಿನಲ್ಲಿ ನಿಮ್ಮ ಸೆಷನ್ನುಗಳು ಐಡಲ್ ಎಂದು ಕಂಡರೆ ಕನೆಕ್ಷನ್ ಅಪ್ಲಿಕೇಶನ್ನಿನೊಳಗೇ ಸೋರುತ್ತಿದೆ. ಪೆಂಡಿಂಗೂ ಇದೆ, ಆ ಕಡೆ ಎಲ್ಲವೂ ಆಕ್ಟಿವ್ ಆಗಿವೆ ಅಂದರೆ ಕ್ವೆರಿ ಪ್ಲ್ಯಾನ್ ತೆಗೆದು ನೋಡಿ.